ಬರ್ಗೆನ್ ಬಂದರಿನಲ್ಲಿ ಮಳೆಯ ಒಂದು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ನಾರ್ವೆಯ ಪಶ್ಚಿಮ ಕರಾವಳಿಯಲ್ಲಿರುವ ಬರ್ಗೆನ್ ಆ ದೇಶದ ಎರಡನೆಯ ದೊಡ್ಡ ನಗರ. ಫ್ಯೋರ್ಡ್‌ಗಳನ್ನು, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿರುವ ಆಳವಾದ ಕಡಲ ಸೀಳುಗಳನ್ನು ನೋಡಲು ಹೊರಟವರಲ್ಲಿ ಬಹಳಷ್ಟು ಮಂದಿ ಈ ಊರಿಗೆ ಒಂದು ಹಗಲನ್ನು ಮಾತ್ರ ಮೀಸಲಿಡುತ್ತಾರೆ, ಮತ್ತು ಆ ಹಗಲು ಮಳೆಯಲ್ಲಿ ಕಳೆಯುವ ಸಾಧ್ಯತೆಯೇ ಹೆಚ್ಚು. ಅಂಥ ಒಂದು ದಿನವನ್ನು ಕುರಿತು ಪ್ರವಾಸಿಗರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ನಾವು ಹೋದ ದಿನ ಮಳೆ ಬಂದೇ ಬರುತ್ತದೆಯೇ?

ಬರುತ್ತದೆ ಎಂದುಕೊಂಡೇ ಹೊರಡುವುದು ಒಳ್ಳೆಯದು. ಬರ್ಗೆನ್‌ನಲ್ಲಿ ವರ್ಷಕ್ಕೆ 2,250 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಮತ್ತು ವರ್ಷದಲ್ಲಿ 200ಕ್ಕೂ ಹೆಚ್ಚು ದಿನ ಒಂದಲ್ಲ ಒಂದು ಹೊತ್ತಿನಲ್ಲಿ ನೆಲ ನೆನೆಯುತ್ತದೆ. ಆಗುಂಬೆಯ ಮಳೆಯನ್ನು ಕಂಡವರಿಗೆ ಈ ಮೊತ್ತ ದೊಡ್ಡದೆನಿಸದಿರಬಹುದು. ಆದರೆ ಅಲ್ಲಿಯಂತೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಸುವ ಸ್ವಭಾವ ಇಲ್ಲಿನ ಮಳೆಗಿಲ್ಲ. ಅದು ವರ್ಷದುದ್ದಕ್ಕೂ ಸೋನೆಯಾಗಿ, ತುಂತುರಾಗಿ, ಆಗಾಗ ಜಡಿಯಾಗಿ ಬರುತ್ತಲೇ ಇರುತ್ತದೆ. 2006ರ ಅಕ್ಟೋಬರ್ 29ರಿಂದ 2007ರ ಜನವರಿ 21ರವರೆಗೆ ಒಂದು ದಿನವೂ ಬಿಡದೆ 85 ದಿನ ಮಳೆಯಾಗಿದ್ದನ್ನು ಊರಿನವರು ಈಗಲೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿ ಹೋಲಿಕೆಯಲ್ಲಿ ಒಣ, ಶರತ್ಕಾಲ ಮತ್ತು ಚಳಿಗಾಲದ ಮೊದಲ ಭಾಗ ಎಲ್ಲಕ್ಕಿಂತ ಒದ್ದೆ.

ಇಷ್ಟೊಂದು ಮಳೆಗೆ ಕಾರಣವೇನು?

ಬರ್ಗೆನ್ ಏಳು ಬೆಟ್ಟಗಳ ಊರು ಎಂದು ಹೆಸರಾಗಿದೆ. ಯಾವ ಏಳು ಎಂಬುದರ ಬಗ್ಗೆ ಊರಿನವರಲ್ಲಿಯೇ ಪೂರ್ತಿ ಒಮ್ಮತವಿಲ್ಲ, ಆದರೆ ಬೆಟ್ಟಗಳು ಕಡಲಿಗೆ ಬೆನ್ನು ಒಡ್ಡಿ ನಿಂತಿರುವುದರಲ್ಲಿ ಸಂಶಯವಿಲ್ಲ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹದ ಮೇಲಿಂದ ತೇವವನ್ನು ಹೊತ್ತು ಬರುವ ಪಶ್ಚಿಮದ ಗಾಳಿ ಈ ಬೆಟ್ಟಗಳಿಗೆ ಬಡಿದು ಮೇಲೇರಿದಾಗ ತಣ್ಣಗಾಗುತ್ತದೆ, ಹೊತ್ತ ನೀರನ್ನು ಊರಿನ ಮೇಲೆಯೇ ಇಳಿಸುತ್ತದೆ. ಅದೇ ಬೆಚ್ಚನೆಯ ಪ್ರವಾಹದ ಕಾರಣದಿಂದ, 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೂ ಇಲ್ಲಿನ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ. ಮಳೆ ಮತ್ತು ಬಂದರು ಎರಡಕ್ಕೂ ಮೂಲ ಒಂದೇ ಎಂದಾಯಿತು.

ಹವಾಮಾನ ವಿಜ್ಞಾನದ ಒಂದು ಮುಖ್ಯ ಅಧ್ಯಾಯ ಈ ಒದ್ದೆ ಊರಿನಲ್ಲಿಯೇ ಬರೆಯಲ್ಪಟ್ಟಿತು ಎಂಬುದನ್ನು ಪ್ರವಾಸಿಗರು ಸಾಮಾನ್ಯವಾಗಿ ಕೇಳಿರುವುದಿಲ್ಲ. ವಿಲ್ಹೆಲ್ಮ್ ಬ್ಯೆರ್ಕ್‌ನೆಸ್ ಎಂಬ ವಿಜ್ಞಾನಿ 1917ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಿಂದ ಇಲ್ಲಿಗೆ ಬಂದರು. ಅವರೂ, ಅವರ ಮಗ ಯಾಕೋಬ್ ಮತ್ತು ಇತರ ಯುವ ಸಹೋದ್ಯೋಗಿಗಳೂ ಪಶ್ಚಿಮ ನಾರ್ವೆಯ ಕರಾವಳಿಯುದ್ದಕ್ಕೂ ವೀಕ್ಷಣಾ ಕೇಂದ್ರಗಳನ್ನು ಹೆಚ್ಚಿಸಿ, ತಂಪು ಗಾಳಿಯ ರಾಶಿಯೂ ಬಿಸಿ ಗಾಳಿಯ ರಾಶಿಯೂ ಎದುರಾಗುವ ಗಡಿಯಲ್ಲಿ ಮಳೆ ಹುಟ್ಟುವುದನ್ನು ಗುರುತಿಸಿದರು. ಆಗ ನಡೆಯುತ್ತಿದ್ದ ಮೊದಲ ಮಹಾಯುದ್ಧದ ರಣರೇಖೆಯ ಹೆಸರನ್ನೇ ಆ ಗಡಿಗೆ ಇಟ್ಟು ‘ಫ್ರಂಟ್’ ಎಂದು ಕರೆದರು. ಇಂದು ಜಗತ್ತಿನ ಹವಾಮಾನ ನಕ್ಷೆಗಳಲ್ಲಿ ಕಾಣುವ ಹಲ್ಲಿನ ಗೆರೆಗಳ ತವರು ಇದು.

ಛತ್ರಿ ಒಯ್ದರೆ ಸಾಕೇ?

ಸಾಲದು. ಬಂದರಿನ ಬಾಯಿಯಿಂದ ಗಾಳಿ ನೇರವಾಗಿ ಒಳನುಗ್ಗುವುದರಿಂದ ಮಳೆ ಇಲ್ಲಿ ಮೇಲಿನಿಂದ ಬೀಳುವಷ್ಟೇ ಪಕ್ಕದಿಂದಲೂ ಬರುತ್ತದೆ, ಅಗ್ಗದ ಛತ್ರಿಗಳು ಮಗುಚಿಕೊಂಡು ಕಸದ ಡಬ್ಬಿ ಸೇರುತ್ತವೆ. ತಲೆಗವಸು ಇರುವ, ನಿಜವಾಗಿಯೂ ನೀರು ತಡೆಯುವ ಉದ್ದನೆಯ ಜಾಕೆಟ್ಟು, ಹಿಡಿತವುಳ್ಳ ಅಡಿಯ ಜಲನಿರೋಧಕ ಬೂಟು, ಕೈಚೀಲದಲ್ಲಿ ಒಂದು ಜೊತೆ ಒಣ ಕಾಲುಚೀಲ, ಇವು ಮೂರು ಇದ್ದರೆ ದಿನ ಕೆಡುವುದಿಲ್ಲ. ಜೀನ್ಸ್ ಪ್ಯಾಂಟು ಒಮ್ಮೆ ನೆನೆದರೆ ಸಂಜೆಯವರೆಗೂ ಒಣಗದು. ಜುಲೈನಲ್ಲಿಯೂ ಸರಾಸರಿ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವುದರಿಂದ ಒಳಗೆ ಒಂದು ತೆಳುವಾದ ಉಣ್ಣೆಯಂಗಿ ಬೇಕು.

ಕೆಟ್ಟ ಹವೆ ಎಂಬುದಿಲ್ಲ, ಕೆಟ್ಟ ಬಟ್ಟೆ ಮಾತ್ರ ಇದೆ ಎಂಬರ್ಥದ ಗಾದೆಯೊಂದು ನಾರ್ವೆಯವರ ಬಾಯಲ್ಲಿ ಸದಾ ಇರುತ್ತದೆ. ಅವರ ಭಾಷೆಯಲ್ಲಿ ಅದಕ್ಕೆ ಒಳ್ಳೆಯ ಪ್ರಾಸವೂ ಇದೆ. ಒಳ್ಳೆಯ ಬಟ್ಟೆ ಈಗಾಗಲೇ ಮನೆಯಲ್ಲಿರುವವರು ಕಟ್ಟಿದ ಗಾದೆ ಎಂಬುದು ಅಂಗಡಿಯಲ್ಲಿ ಜಾಕೆಟ್ಟಿನ ಬೆಲೆಪಟ್ಟಿ ನೋಡಿದಾಗ ತಿಳಿಯುತ್ತದೆ. ಆದ್ದರಿಂದ ಹೊರಡುವ ಮೊದಲೇ ಕೊಂಡುಕೊಳ್ಳಿ.

ವಿಮಾನ ನಿಲ್ದಾಣದಿಂದ ಬಂದರಿನವರೆಗೆ ನೆನೆಯದೆ ಬರುವುದು ಹೇಗೆ?

ಫ್ಲೆಸ್‌ಲ್ಯಾಂಡ್ ವಿಮಾನ ನಿಲ್ದಾಣದ ಒಳಗಿನಿಂದಲೇ ‘ಬ್ಯೂಬಾನೆನ್’ ಎಂಬ ನಗರ ಟ್ರಾಮ್ ಹೊರಡುತ್ತದೆ. 2010ರಲ್ಲಿ ಆರಂಭವಾದ ಈ ಮಾರ್ಗ 2017ರಲ್ಲಿ ವಿಮಾನ ನಿಲ್ದಾಣವನ್ನು ತಲುಪಿತು. ಊರಿನ ನಡುವಿನ ಕೊನೆಯ ನಿಲ್ದಾಣವಾದ ಬೀಪಾರ್ಕೆನ್‌ಗೆ ಸುಮಾರು ಮುಕ್ಕಾಲು ಗಂಟೆ ಬೇಕು. ಅಲ್ಲಿಂದ ಬಂದರು ಕೆಲವೇ ನಿಮಿಷಗಳ ನಡಿಗೆ. ಟಿಕೆಟನ್ನು ಹತ್ತುವ ಮೊದಲೇ ಯಂತ್ರದಲ್ಲಿ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಪಡೆಯಬೇಕು, ಇಲ್ಲದಿದ್ದರೆ ದಂಡ ತೆರಬೇಕಾಗುತ್ತದೆ. ಪ್ರತಿಯೊಂದು ನಿಲ್ದಾಣದ ಹೆಸರಿಗೂ ಮೊದಲು ಆ ನಿಲ್ದಾಣಕ್ಕೇ ಮೀಸಲಾದ ಪುಟ್ಟ ರಾಗವೊಂದು ಕೇಳಿಬರುತ್ತದೆ. ಮಂಜು ಹಿಡಿದ ಕಿಟಕಿಯಲ್ಲಿ ಏನೂ ಕಾಣದಿರುವಾಗ ಕಿವಿಗಾದರೂ ಊರು ಸಿಗುತ್ತದೆ.

ಒಂದೇ ದಿನ ಇದ್ದರೆ ಅದನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಮಳೆಯ ದಿನದಲ್ಲಿ ಪ್ರವಾಸಿಗರು ಮಾಡುವ ಸಾಮಾನ್ಯ ತಪ್ಪೆಂದರೆ, ಬಿಸಿಲಿನ ದಿನಕ್ಕೆಂದು ಬರೆದುಕೊಂಡ ಪಟ್ಟಿಯನ್ನೇ ಹಿಡಿದು ಊರಿನ ನಾಲ್ಕು ಮೂಲೆಗೂ ಓಡುವುದು. ಒಂದೊಂದು ಕಡೆಗೂ ಹೋಗಿ ಬರುವ ದಾರಿಯಲ್ಲಿ ನೆನೆದು, ಒಳಗೆ ಹೋದ ಮೇಲೆ ಬಟ್ಟೆಯ ಚಿಂತೆಯಲ್ಲಿಯೇ ಹೊತ್ತು ಕಳೆದು, ಸಂಜೆಗೆ ಯಾವುದನ್ನೂ ನೋಡಿದ ಹಾಗಾಗಿರುವುದಿಲ್ಲ. ಬರ್ಗೆನ್‌ನಲ್ಲಿ ಹಾಗೆ ಓಡುವ ಅಗತ್ಯವೇ ಇಲ್ಲ. ‘ವೋಗೆನ್’ ಎಂದು ಕರೆಯುವ ಹಳೆಯ ಬಂದರಿನ ಕಿರಿದಾದ ನೀರಿನ ಸುತ್ತಲೇ ‘ಬ್ರಿಗ್ಗೆನ್’ ಎಂಬ ಮರದ ವರ್ತಕಬೀದಿ, ಕೋಟೆ, ಹನ್ನೆರಡನೆಯ ಶತಮಾನದ ಚರ್ಚು, ಉತ್ಖನನದ ವಸ್ತುಸಂಗ್ರಹಾಲಯ, ಮೀನು ಮಾರುಕಟ್ಟೆ, ಬೆಟ್ಟದ ರೈಲು ಎಲ್ಲವೂ ಕೂಡಿಕೊಂಡಿವೆ. ಒಂದರಿಂದ ಇನ್ನೊಂದಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ನಡೆಯಬೇಕಾಗಿಲ್ಲ.

ಬೆಳಿಗ್ಗೆ ಬಂದರಿನ ಉತ್ತರ ದಂಡೆಯಲ್ಲಿ ಒಂದು ವಸ್ತುಸಂಗ್ರಹಾಲಯ, ಅದರ ಪಕ್ಕದ ಮರದ ಓಣಿಗಳು. ಮಧ್ಯಾಹ್ನ ನೀರಿನ ತುದಿಯಲ್ಲಿ ಊಟ. ಊಟದ ನಂತರ ಕೋಟೆ ಅಥವಾ ಚಿತ್ರಶಾಲೆ, ಎರಡರಲ್ಲಿ ಒಂದು. ಬೆಟ್ಟವನ್ನು ಮಾತ್ರ ಯಾವ ಹೊತ್ತಿಗೂ ಕಟ್ಟಿಹಾಕದೆ ಮೋಡದ ಮರ್ಜಿಗೆ ಬಿಡಬೇಕು. ನಾರ್ವೆಯ ಹವಾಮಾನ ಸಂಸ್ಥೆಯೂ ಸಾರ್ವಜನಿಕ ಪ್ರಸಾರ ಸಂಸ್ಥೆಯೂ ಸೇರಿ ನಡೆಸುವ ‘ಈರ್’ ಎಂಬ ಸೇವೆಯಲ್ಲಿ ಗಂಟೆಗಂಟೆಯ ಮುನ್ಸೂಚನೆ ಸಿಗುತ್ತದೆ. ಊರಿನವರೂ ಅದನ್ನೇ ನೋಡಿ ಮನೆ ಬಿಡುತ್ತಾರೆ.

ಬ್ರಿಗ್ಗೆನ್ ಹೊರಗಿನಿಂದ ನೋಡುವ ಜಾಗವಲ್ಲವೇ? ಮಳೆಯಲ್ಲಿ ಅಲ್ಲಿ ನೋಡುವುದೇನು?

ಅಂಚೆಚೀಟಿಗಳಲ್ಲಿ, ಕ್ಯಾಲೆಂಡರುಗಳಲ್ಲಿ ಕಾಣುವ ಕೆಂಪು, ಹಳದಿ, ಬಿಳಿ ಬಣ್ಣದ ಮುಖಗಳ ಸಾಲು ಬ್ರಿಗ್ಗೆನ್‌ನ ಮುಂಬಾಗಿಲು ಮಾತ್ರ. ನಿಜವಾದ ಬ್ರಿಗ್ಗೆನ್ ಆ ಮುಖಗಳ ಹಿಂದೆ, ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕಾದಷ್ಟು ಕಿರಿದಾದ ಮರದ ಹಾಸಿನ ಓಣಿಗಳಲ್ಲಿದೆ. ಎರಡೂ ಬದಿಯ ಕಟ್ಟಡಗಳ ಮೇಲಂತಸ್ತಿನ ಮೊಗಸಾಲೆಗಳು ತಲೆಯ ಮೇಲೆ ಚಾಚಿಕೊಂಡಿರುವುದರಿಂದ ಓಣಿಯ ಅರ್ಧ ಭಾಗ ಮಳೆಯಲ್ಲಿಯೂ ಒಣಗಿರುತ್ತದೆ. ಸಾಮಾನು ಏರಿಸುತ್ತಿದ್ದ ರಾಟೆಗಳು, ಡಾಂಬರಿನ ವಾಸನೆ, ಮಾಡಿನಿಂದ ಹಲಗೆಯ ಮೇಲೆ ತೊಟ್ಟಿಕ್ಕುವ ನೀರಿನ ಸದ್ದು, ಇವುಗಳಿಗಾಗಿ ನಾನು ಬಿಸಿಲಿನ ದಿನಕ್ಕಿಂತ ಮಳೆಯ ದಿನವನ್ನೇ ಆರಿಸುತ್ತೇನೆ. ಹಡಗಿನಿಂದ ಇಳಿದ ಗುಂಪುಗಳು ಆಗ ಅಂಗಡಿಗಳ ಒಳಗಿರುತ್ತವೆ. ಹಲಗೆಗಳು ಪಾಚಿಗಟ್ಟಿ ಜಾರುತ್ತವೆ, ಅದೊಂದನ್ನು ಮರೆಯಬಾರದು.

ಇದು ಜರ್ಮನ್ ವರ್ತಕರ ಕೂಟವಾದ ಹಾನ್ಸಾ ಒಕ್ಕೂಟದವರ ಕೋಠಿ. ಸುಮಾರು 1360ರ ಹೊತ್ತಿಗೆ ನೆಲೆಗೊಂಡ ಈ ಕೋಠಿಯ ವ್ಯಾಪಾರದ ಬೆನ್ನೆಲುಬು ಒಣಮೀನು. ಉತ್ತರದ ಲೋಫೋಟೆನ್ ದ್ವೀಪಗಳಲ್ಲಿ ಹಿಡಿದು, ಉಪ್ಪಿಲ್ಲದೆ ತಣ್ಣನೆಯ ಗಾಳಿಗೆ ಒಣಗಿಸಿದ ಕಾಡ್ ಮೀನು ಬರ್ಗೆನ್‌ಗೆ ಬಂದು, ಇಲ್ಲಿಂದ ಯೂರೋಪಿನ ಉಪವಾಸದ ದಿನಗಳ ಊಟದೆಲೆಗೆ ಹೋಗುತ್ತಿತ್ತು. ಬದಲಿಗೆ ಬಾಲ್ಟಿಕ್ ತೀರದ ಧಾನ್ಯ ಬರುತ್ತಿತ್ತು. ಇಲ್ಲಿರುವವರೆಗೆ ಮದುವೆಯಾಗುವಂತಿಲ್ಲ ಎಂಬ ಕಟ್ಟಳೆಯಡಿಯಲ್ಲಿ ವರ್ತಕರು, ಗುಮಾಸ್ತರು, ಉಮೇದುವಾರ ಹುಡುಗರು ಈ ಕಟ್ಟಡಗಳಲ್ಲಿ ವಾಸಿಸುತ್ತಿದ್ದರು.

ಚಳಿಗಾಲವಿಡೀ ಅವರಿಗೆ ಮನೆಯೊಳಗೆ ಬೆಂಕಿ ಇರಲಿಲ್ಲ. ಮರದ ಊರಿಗೆ ಬೆಂಕಿಯೇ ಶತ್ರು ಎಂದು ಅದನ್ನು ನಿಷೇಧಿಸಲಾಗಿತ್ತು. ಅಡುಗೆ, ಊಟ, ಹುಡುಗರ ಪಾಠ, ಪಾನಗೋಷ್ಠಿ ಎಲ್ಲವೂ ಓಣಿಗಳ ಹಿಂಭಾಗದಲ್ಲಿ ಪ್ರತ್ಯೇಕವಾಗಿ ಕಟ್ಟಿದ ‘ಶ್ಯೋಟ್‌ಸ್ತುವೆ’ ಎಂಬ ಒಲೆಯಿರುವ ಕೋಣೆಗಳಲ್ಲಿ ನಡೆಯುತ್ತಿದ್ದವು. ಆ ಕೋಣೆಗಳು ಈಗ ವಸ್ತುಸಂಗ್ರಹಾಲಯದ ಭಾಗವಾಗಿವೆ. ನೆನೆದು ನಡುಗುತ್ತ ಅವುಗಳೊಳಗೆ ಕಾಲಿಟ್ಟಾಗ, ಆ ಹುಡುಗರು ಊಟದ ಗಂಟೆಗಾಗಿ ಏಕೆ ಕಾಯುತ್ತಿದ್ದಿರಬೇಕು ಎಂಬುದನ್ನು ಯಾವ ಫಲಕವೂ ವಿವರಿಸಬೇಕಾಗುವುದಿಲ್ಲ. ಹಾನ್ಸಾ ವರ್ತಕನ ಮನೆಯನ್ನೇ ಉಳಿಸಿಕೊಂಡಿರುವ ಇನ್ನೊಂದು ಸಂಗ್ರಹಾಲಯವನ್ನು 2018ರಲ್ಲಿ ದೊಡ್ಡ ಪ್ರಮಾಣದ ಜೀರ್ಣೋದ್ಧಾರಕ್ಕಾಗಿ ಮುಚ್ಚಲಾಯಿತು. ಅದು ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗಿ.

ಆ ಮನೆಗಳು ವಾಲಿಕೊಂಡಿವೆಯಲ್ಲ, ಅವು ಎಷ್ಟು ಹಳೆಯವು?

ಇಷ್ಟೆಲ್ಲ ಎಚ್ಚರವಿದ್ದರೂ ಬೆಂಕಿ ಬಿಡಲಿಲ್ಲ. 1702ರ ಮಹಾ ಅಗ್ನಿ ಅವಘಡದಲ್ಲಿ ಬ್ರಿಗ್ಗೆನ್ ಸುಟ್ಟುಹೋದ ಮೇಲೆ, ಹಳೆಯ ಅಡಿಪಾಯಗಳ ಮೇಲೆ ಹಳೆಯ ಮಾದರಿಯಲ್ಲಿಯೇ ಅದನ್ನು ಮತ್ತೆ ಕಟ್ಟಲಾಯಿತು. ಇಂದು ಉಳಿದಿರುವ ಸುಮಾರು 60 ಕಟ್ಟಡಗಳು ಆ ಕಾಲದವು. 1979ರಲ್ಲಿ ಯುನೆಸ್ಕೊ ಅವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ವಾಲಿರುವುದಕ್ಕೆ ಕಾರಣ ನೆಲದಡಿಯಲ್ಲಿದೆ. ಈ ಕಟ್ಟಡಗಳು ನಿಂತಿರುವುದು ಗಟ್ಟಿ ನೆಲದ ಮೇಲಲ್ಲ, ಶತಮಾನಗಳಿಂದ ಬಂದರಿನ ಅಂಚನ್ನು ತುಂಬಿಸುತ್ತ ಬಂದ ಮರದ ದಿಮ್ಮಿ, ಕಸ, ಸುಟ್ಟ ಅವಶೇಷಗಳ ಪದರಗಳ ಮೇಲೆ. ಈ ಪದರಗಳು ನೀರಿನಲ್ಲಿ ಮುಳುಗಿರುವವರೆಗೆ ಕೊಳೆಯುವುದಿಲ್ಲ, ಏಕೆಂದರೆ ಗಾಳಿಯ ಆಮ್ಲಜನಕ ಅವುಗಳನ್ನು ಮುಟ್ಟುವುದಿಲ್ಲ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಪಕ್ಕದಲ್ಲಿ ನೆಲಮಾಳಿಗೆಯುಳ್ಳ ಹೊಸ ಕಟ್ಟಡ ಎದ್ದಾಗ ಅಂತರ್ಜಲ ಅತ್ತ ಬಸಿದುಹೋಗಿ, ಪದರಗಳು ಒಣಗಿ ಕೊಳೆಯಲಾರಂಭಿಸಿದವು, ಮೇಲಿನ ಮನೆಗಳು ಕುಸಿಯತೊಡಗಿದವು. ಇದಕ್ಕೆ ತಜ್ಞರು ಕಂಡುಕೊಂಡ ಪರಿಹಾರಗಳಲ್ಲಿ ಮುಖ್ಯವಾದದ್ದು, ಬಿದ್ದ ಮಳೆನೀರನ್ನು ಚರಂಡಿಗೆ ಬಿಡದೆ ನೀರು ಇಂಗುವ ನೆಲಹಾಸು, ಗಿಡಗಳ ತಗ್ಗುಗಳ ಮೂಲಕ ನೆಲಕ್ಕೆ ಇಳಿಸಿ ಅಂತರ್ಜಲವನ್ನು ಮತ್ತೆ ಏರಿಸುವುದು. ನಿಮ್ಮ ಬೂಟಿಗೆ ನುಗ್ಗುವ ನೀರೇ ಈ ಹಳೆಯ ಬೀದಿಯ ಕಾಲನ್ನು ಹಿಡಿದು ನಿಲ್ಲಿಸಿದೆ.

ಒಂದೇ ವಸ್ತುಸಂಗ್ರಹಾಲಯ ನೋಡುವುದಾದರೆ ಯಾವುದು?

ಬ್ರಿಗ್ಗೆನ್ಸ್ ಮ್ಯೂಸಿಯಂ. 1955ರಲ್ಲಿ ಬ್ರಿಗ್ಗೆನ್‌ನ ಒಂದು ಭಾಗಕ್ಕೆ ಮತ್ತೆ ಬೆಂಕಿ ಬಿತ್ತು. ಸುಟ್ಟ ಜಾಗದಲ್ಲಿ ಪುರಾತತ್ವಜ್ಞ ಆಸ್‌ಬ್ಯೋರ್ನ್ ಹೆರ್ಟೈಗ್ ಅವರ ನೇತೃತ್ವದಲ್ಲಿ ವರ್ಷಗಟ್ಟಲೆ ನಡೆದ ಉತ್ಖನನದಿಂದ ದೊರೆತದ್ದನ್ನು ಇರಿಸಲು 1976ರಲ್ಲಿ ಈ ಕಟ್ಟಡ ತೆರೆಯಿತು. ಹನ್ನೆರಡನೆಯ ಶತಮಾನದ ಮನೆಗಳ ಅಡಿಪಾಯಗಳನ್ನು ಅವು ಸಿಕ್ಕ ಜಾಗದಲ್ಲಿಯೇ ಬಿಟ್ಟು, ಅವುಗಳ ಮೇಲೆ ಸಂಗ್ರಹಾಲಯವನ್ನು ಕಟ್ಟಲಾಗಿದೆ.

ಇಲ್ಲಿ ಮನಸ್ಸನ್ನು ಹಿಡಿಯುವುದು ಉತ್ತರ ಯೂರೋಪಿನ ಹಳೆಯ ಲಿಪಿಯಾದ ರೂನ್‌ನಲ್ಲಿ ಬರೆದ ಮರದ ಕಡ್ಡಿಗಳು. ಈ ಉತ್ಖನನದಲ್ಲಿ ಸುಮಾರು 670 ರೂನ್ ಬರಹಗಳು ಸಿಕ್ಕವು. ಅಲ್ಲಿಯವರೆಗೆ ರೂನ್ ಎಂದರೆ ಬಂಡೆಗಲ್ಲಿನ ಮೇಲೆ ವೀರರ ಹೆಸರು ಕೆತ್ತುವ ಗಂಭೀರ ಲಿಪಿ ಎಂದು ತಿಳಿದಿದ್ದವರಿಗೆ, ಪೇಟೆಯ ಜನ ಅದನ್ನು ಮರದ ಚಕ್ಕೆಗಳ ಮೇಲೆ ದಿನನಿತ್ಯದ ಚೀಟಿಯಂತೆ ಬಳಸುತ್ತಿದ್ದದ್ದು ಗೊತ್ತಾಯಿತು. ಸರಕಿನ ಮೂಟೆ ಯಾರದೆಂಬ ಗುರುತು, ವ್ಯಾಪಾರದ ಪತ್ರ, ಪ್ರಾರ್ಥನೆ, ಪೋಲಿ ಮಾತು, ಪ್ರೇಮದ ನಿವೇದನೆ ಎಲ್ಲವೂ ಇವುಗಳಲ್ಲಿವೆ. ಒಂದು ಕಡ್ಡಿಯ ಮೇಲೆ ಇರುವುದು ‘ಗ್ಯೂಡಾ ಹೇಳುತ್ತಿದ್ದಾಳೆ, ನೀನು ಮನೆಗೆ ಹೋಗಬೇಕಂತೆ’ ಎಂಬಷ್ಟೇ ಮಾತು. ಮಳೆಯ ರಾತ್ರಿಯಲ್ಲಿ ಪಾನಗೃಹದಲ್ಲಿ ಕೂತ ಯಾರಿಗೋ ಕಳುಹಿಸಿದ್ದೆಂದು ಊಹಿಸಿಕೊಳ್ಳಲು ಅಡ್ಡಿಯಿಲ್ಲ.

ಕೋಟೆ ಮತ್ತು ಚರ್ಚಿಗೆ ಎಷ್ಟು ಹೊತ್ತು ಕೊಡಬೇಕು?

ಮೇರಿ ಮಾತೆಯ ಹೆಸರಿನ ಮಾರಿಯಾ ಚರ್ಚು ಈ ಸಂಗ್ರಹಾಲಯದ ಪಕ್ಕದಲ್ಲಿಯೇ ಇದೆ. ಹನ್ನೆರಡನೆಯ ಶತಮಾನದ ಈ ಕಲ್ಲಿನ ಕಟ್ಟಡ ನಗರದಲ್ಲಿ ಉಳಿದಿರುವ ಎಲ್ಲ ಕಟ್ಟಡಗಳಿಗಿಂತ ಹಳೆಯದು. ಶತಮಾನಗಟ್ಟಲೆ ಜರ್ಮನ್ ವರ್ತಕರ ಚರ್ಚಾಗಿದ್ದುದರಿಂದ ಒಳಗಿನ ಅಲಂಕಾರದಲ್ಲಿ ಅವರ ಹಣ ಕಾಣುತ್ತದೆ. ಅರ್ಧ ಗಂಟೆ ಸಾಕು.

ಬಂದರಿನ ಬಾಯಿಯಲ್ಲಿರುವ ಕೋಟೆಗೆ ಒಂದೂವರೆ ಗಂಟೆ ಬೇಕು. ರಾಜ ಹೋಕನ್ ಹೋಕನ್ಸನ್ ಕಟ್ಟಿಸಿದ, 1261ರಲ್ಲಿ ಅವನ ಮಗ ಮಾಗ್ನುಸ್‌ನ ಮದುವೆಯ ಔತಣ ನಡೆದ ಕಲ್ಲಿನ ಸಭಾಭವನವೂ, 1560ರ ದಶಕದಲ್ಲಿ ಇಂದಿನ ರೂಪ ಪಡೆದ ರೋಸೆನ್‌ಕ್ರಾಂಟ್ಸ್ ಗೋಪುರವೂ ಇಲ್ಲಿವೆ. 1944ರ ಏಪ್ರಿಲ್ 20ರಂದು, ಜರ್ಮನ್ ಆಕ್ರಮಣದ ಕಾಲದಲ್ಲಿ, ಸುಮಾರು 120 ಟನ್ ಸ್ಫೋಟಕಗಳನ್ನು ಹೊತ್ತಿದ್ದ ‘ವೋರ್‌ಬೋಡೆ’ ಎಂಬ ಡಚ್ ಹಡಗು ಕೋಟೆಯ ಎದುರಿನ ನೀರಿನಲ್ಲಿಯೇ ಸಿಡಿಯಿತು. ನೂರಕ್ಕೂ ಹೆಚ್ಚು ಜನ ಸತ್ತರು, ಸಭಾಭವನದ ಚಾವಣಿ ಹಾರಿಹೋಯಿತು. ದುರಸ್ತಿ ಮುಗಿದು ಭವನ ಮತ್ತೆ ತೆರೆದದ್ದು 1961ರಲ್ಲಿ, ಆ ಮದುವೆಗೆ ಏಳುನೂರು ವರ್ಷ ತುಂಬಿದ ವರ್ಷದಲ್ಲಿ. ಗೋಪುರದೊಳಗಿನ ಸುರುಳಿ ಮೆಟ್ಟಿಲುಗಳು ಇಕ್ಕಟ್ಟಾಗಿವೆ; ಮಂಡಿನೋವಿರುವವರು ಸಭಾಭವನಕ್ಕೆ ತೃಪ್ತರಾಗುವುದು ಮೇಲು.

ಕುಷ್ಠರೋಗದ ವಸ್ತುಸಂಗ್ರಹಾಲಯಕ್ಕೆ ಪ್ರವಾಸಿಗರು ಏಕೆ ಹೋಗುತ್ತಾರೆ?

ಹೋಗುವವರು ಕಡಿಮೆ, ಹೋಗಿ ಬಂದವರು ಮರೆಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪಶ್ಚಿಮ ನಾರ್ವೆಯಲ್ಲಿ ಕುಷ್ಠ ವ್ಯಾಪಕವಾಗಿದ್ದಾಗ ಬರ್ಗೆನ್‌ನಲ್ಲಿ ಈ ರೋಗಿಗಳಿಗಾಗಿಯೇ ಮೂರು ಆಸ್ಪತ್ರೆಗಳಿದ್ದವು. ಅದು ವಂಶದಿಂದ ಬರುವ ರೋಗವೆಂದು ನಂಬಿದ್ದ ಕಾಲದಲ್ಲಿ, ಇಲ್ಲಿನ ವೈದ್ಯ ಗೆರ್ಹಾರ್ಡ್ ಅರ್ಮಾವರ್ ಹಾನ್ಸೆನ್ 1873ರಲ್ಲಿ ಅದರ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಆ ರೋಗಕ್ಕೆ ಇಂದು ಹಾನ್ಸೆನ್ ಕಾಯಿಲೆ ಎಂಬ ಹೆಸರು ಬಂದಿರುವುದು ಅವರಿಂದಲೇ. ಹದಿನೈದನೆಯ ಶತಮಾನದಲ್ಲಿಯೇ ಇದ್ದ, 1702ರ ಬೆಂಕಿಯ ನಂತರ ಮತ್ತೆ ಕಟ್ಟಲಾದ ಸಂತ ಯೋರ್ಗೆನ್ ಆಸ್ಪತ್ರೆಯ ಮರದ ಕಟ್ಟಡದಲ್ಲಿ ಈ ಸಂಗ್ರಹಾಲಯವಿದೆ. ಕೊನೆಯ ಇಬ್ಬರು ರೋಗಿಗಳು ಇಲ್ಲಿ ತೀರಿಕೊಂಡದ್ದು 1946ರಲ್ಲಿ. ನಡುವಿನ ದೊಡ್ಡ ಅಡುಗೆಮನೆ, ಅದರ ಸುತ್ತ ಇಬ್ಬಿಬ್ಬರು ಜೀವಮಾನವಿಡೀ ಕಳೆದ ಸಣ್ಣ ಕೋಣೆಗಳು ಹಾಗೆಯೇ ಇವೆ. ಬರ್ಗೆನ್‌ನ ಕುಷ್ಠರೋಗ ದಾಖಲೆಗಳನ್ನು ಯುನೆಸ್ಕೊ 2001ರಲ್ಲಿ ‘ವಿಶ್ವದ ನೆನಪು’ ಪಟ್ಟಿಗೆ ಸೇರಿಸಿದೆ. ವರ್ಷವಿಡೀ ತೆರೆದಿರುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಬೇಕು.

ಚಿತ್ರಕಾರ ಮುಂಕ್‌ನ ಚಿತ್ರಗಳು ಇಲ್ಲಿ ಸಿಗುತ್ತವೆಯೇ?

ಸಿಗುತ್ತವೆ. ನಗರದ ನಡುವಿನ ಎಂಟು ಮೂಲೆಯ ಕೊಳದ ದಂಡೆಯಲ್ಲಿ ಸಾಲಾಗಿ ನಿಂತಿರುವ ‘ಕೋಡೆ’ ಚಿತ್ರಶಾಲೆಯ ಕಟ್ಟಡಗಳಲ್ಲಿ ರಾಸ್ಮುಸ್ ಮೆಯರ್ ಸಂಗ್ರಹವಿರುವ ಕಟ್ಟಡಕ್ಕೆ ನೇರವಾಗಿ ಹೋಗಿ. ಬರ್ಗೆನ್‌ನ ಈ ವರ್ತಕ ಎಡ್ವರ್ಡ್ ಮುಂಕ್‌ನ ಚಿತ್ರಗಳನ್ನು ಅವನು ಬದುಕಿರುವಾಗಲೇ ಕೊಂಡು ಕೂಡಿಟ್ಟವನು. ‘ಕಾರ್ಲ್ ಯೋಹಾನ್ ಬೀದಿಯ ಸಂಜೆ’ ಎಂಬ 1892ರ ಚಿತ್ರ ಇಲ್ಲಿದೆ. ಅವನ ಅತಿ ಪ್ರಸಿದ್ಧ ಚಿತ್ರವಾದ ‘ಚೀತ್ಕಾರ’ವನ್ನು ಹುಡುಕಬೇಡಿ, ಅದು ಓಸ್ಲೋದಲ್ಲಿದೆ. ನಾಲ್ಕೂ ಕಟ್ಟಡಗಳನ್ನು ಒಂದೇ ಟಿಕೆಟಿನ ಆಸೆಗೆ ಸುತ್ತುವುದು ಕಾಲಿಗೂ ಕಣ್ಣಿಗೂ ಭಾರ.

ಮೋಡ ಮುಚ್ಚಿರುವಾಗ ಫ್ಲೋಯೆನ್ ಬೆಟ್ಟಕ್ಕೆ ಹೋಗಬೇಕೇ?

ಕೆಳಗಿನ ನಿಲ್ದಾಣದಿಂದ ತಲೆಯೆತ್ತಿ ನೋಡಿ. ತುದಿ ಕಾಣುತ್ತಿದ್ದರೆ ಮಳೆಯಿದ್ದರೂ ಹೋಗಿ. ಕಾಣದಿದ್ದರೆ ಮೇಲಿನಿಂದ ಊರೂ ಕಾಣುವುದಿಲ್ಲ. 1918ರಿಂದ ಓಡುತ್ತಿರುವ ಹಗ್ಗದ ರೈಲು ಸಮುದ್ರಮಟ್ಟದಿಂದ ಸುಮಾರು 320 ಮೀಟರ್ ಎತ್ತರಕ್ಕೆ ಹತ್ತು ನಿಮಿಷದೊಳಗೆ ಒಯ್ಯುತ್ತದೆ. ಒಂದು ಬಂಡಿ ಇಳಿಯುವಾಗ ಅದರ ಭಾರವೇ ಇನ್ನೊಂದನ್ನು ಏರಿಸಲು ನೆರವಾಗುವಂತೆ ಎರಡೂ ಒಂದೇ ಉಕ್ಕಿನ ಹಗ್ಗಕ್ಕೆ ಕಟ್ಟಿಕೊಂಡಿವೆ. ಮೇಲೆ ಮಂಜಿನಲ್ಲಿ ಮರಗಳ ನಡುವೆ ನಡೆಯುವುದಕ್ಕೆ ಅದರದೇ ಆದ ಚೆಲುವಿದೆ ಎಂಬುದನ್ನು ಒಪ್ಪುತ್ತೇನೆ, ಆದರೆ ಅದಕ್ಕಾಗಿ ಟಿಕೆಟಿನ ಹಣ ತೆರಬೇಕೇ ಎಂಬುದು ನಿಮ್ಮ ವಿವೇಚನೆಗೆ ಬಿಟ್ಟದ್ದು. 643 ಮೀಟರ್ ಎತ್ತರದ ಉಲ್ರಿಕೆನ್ ಬೆಟ್ಟವನ್ನು ಇಂಥ ದಿನದಲ್ಲಿ ಬಿಟ್ಟುಬಿಡಿ. ಗಾಳಿ ಜೋರಾದರೆ ಅದರ ತೂಗುಬಂಡಿ ನಿಲ್ಲುತ್ತದೆ.

ಊಟಕ್ಕೆ ಮೀನು ಮಾರುಕಟ್ಟೆ ಒಳ್ಳೆಯದೇ? ಸಸ್ಯಾಹಾರಿಗಳು ಏನು ಮಾಡಬೇಕು?

ಬಂದರಿನ ತಲೆಯಲ್ಲಿರುವ ಮೀನು ಮಾರುಕಟ್ಟೆ ಮಧ್ಯಯುಗದಿಂದಲೂ ಇದೆ. ಬಯಲಿನ ಗುಡಾರಗಳು ಬೇಸಿಗೆಯ ಪ್ರವಾಸಿಗರಿಗಾಗಿಯೇ ಇರುವಂಥವು, ಬೆಲೆಯೂ ಹಾಗೆಯೇ. 2012ರಲ್ಲಿ ತೆರೆದ ಗಾಜಿನ ಒಳಾಂಗಣ ಮಾರುಕಟ್ಟೆಯಲ್ಲಿ ಮಳೆಗೆ ಬೆನ್ನು ಮಾಡಿ ಕೂತು ಉಣ್ಣಬಹುದು. ಕೆನೆ ಹಾಕಿದ, ಸ್ವಲ್ಪ ಹುಳಿಸಿಹಿಯಾದ ಬರ್ಗೆನ್ ಮೀನಿನ ಸಾರು ಒದ್ದೆಯ ದಿನಕ್ಕೆ ಹೇಳಿಮಾಡಿಸಿದ್ದು. ತಿಮಿಂಗಿಲದ ಮಾಂಸವೂ ಮಾರಾಟಕ್ಕಿರುತ್ತದೆ. ಬೇಡದವರು ಫಲಕವನ್ನು ಓದಿ ಕೇಳಿಕೊಳ್ಳಬೇಕು.

ಸಸ್ಯಾಹಾರಿಗಳಿಗೆ ಬಂದರಿನ ಅಂಚಿಗಿಂತ ಒಳಬೀದಿಗಳ ಕೆಫೆಗಳೇ ಅನುಕೂಲ. ‘ಶಿಲ್ಲಿಂಗ್ಸ್‌ಬೊಲ್ಲೆ’ ಎಂಬ ದಾಲ್ಚಿನ್ನಿಯ ಸುರುಳಿ ಬನ್ನು ಈ ಊರಿನ ಸ್ವಂತದ್ದು. ಒಂದು ಕಾಲಕ್ಕೆ ಒಂದು ಶಿಲ್ಲಿಂಗ್ ನಾಣ್ಯಕ್ಕೆ ಸಿಗುತ್ತಿದ್ದುದರಿಂದ ಬಂದ ಹೆಸರು ನಾಣ್ಯ ಹೋದ ಮೇಲೂ ಉಳಿದಿದೆ. ಮೇಲೆ ಮೊಟ್ಟೆ ಸವರಿರುವುದುಂಟು, ಮೊಟ್ಟೆ ತಿನ್ನದವರು ವಿಚಾರಿಸಿ. ನಲ್ಲಿಯ ನೀರು ಕುಡಿಯಲು ಉತ್ತಮವಾಗಿರುವುದರಿಂದ ಬಾಟಲಿಯ ನೀರಿಗೆ ಹಣ ಸುರಿಯಬೇಕಾಗಿಲ್ಲ.

ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬಹುದು?

ನೂರ್ಡ್‌ನೆಸ್ ಭೂಚಾಚಿನ ತುದಿಯಲ್ಲಿ 1960ರಿಂದ ಇರುವ ಅಕ್ವೇರಿಯಂಗೆ, ಅಥವಾ ಟ್ರಾಮ್ ಮಾರ್ಗದಲ್ಲಿಯೇ ಸಿಗುವ ‘ವಿಲ್‌ವೀಟೆ’ ವಿಜ್ಞಾನ ಕೇಂದ್ರಕ್ಕೆ. ಕಾಲಿಗೆ ಕಸುವಿರುವ ದೊಡ್ಡ ಮಕ್ಕಳಿಗೆ ಇನ್ನೊಂದು ವಿಚಿತ್ರ ಆಯ್ಕೆಯಿದೆ: ಬೆಟ್ಟದ ಒಡಲಿನಲ್ಲಿ ಸೈಕಲ್ ಮತ್ತು ನಡಿಗೆಗಾಗಿಯೇ ಕೊರೆದು 2023ರಲ್ಲಿ ತೆರೆದ, ಸುಮಾರು 2.9 ಕಿಲೋಮೀಟರ್ ಉದ್ದದ ಫಿಲ್ಲಿಂಗ್ಸ್‌ಡಾಲೆನ್ ಸುರಂಗ. ಇಡೀ ಬರ್ಗೆನ್‌ನಲ್ಲಿ ಒಂದು ಹನಿಯೂ ಬೀಳದ ಇಷ್ಟು ಉದ್ದದ ನಡಿಗೆ ಇನ್ನೆಲ್ಲಿಯೂ ಇಲ್ಲ.

ಮಳೆಯಲ್ಲಿ ಫ್ಯೋರ್ಡ್ ದೋಣಿವಿಹಾರ ದಂಡವೇ?

ಅಲ್ಲ, ಮೋಡ ಮುಚ್ಚಿದ ಬೆಟ್ಟಕ್ಕೆ ಹೋದಾಗ ಆಗುವಷ್ಟು ನಷ್ಟ ಇದರಲ್ಲಿಲ್ಲ. ಬಂದರಿನಿಂದ ಮೋಸ್ಟ್ರೌಮೆನ್ ಜಲಸಂಧಿಯವರೆಗೆ ಹೋಗಿ ಬರುವ ದೋಣಿಗೆ ಸುಮಾರು ಮೂರೂವರೆ ಗಂಟೆ ಹಿಡಿಯುತ್ತದೆ. ಕಿಟಕಿಯುಳ್ಳ ಬೆಚ್ಚಗಿನ ಒಳಾಂಗಣವಿದೆ, ಮತ್ತು ಬಿಸಿಲಿನಲ್ಲಿ ದಾರದಷ್ಟಿರುವ ಜಲಪಾತಗಳು ಮಳೆ ಹಿಡಿದ ದಿನ ಬಂಡೆಯ ತುಂಬ ಹರಡಿಕೊಂಡಿರುತ್ತವೆ. ಆದರೆ ಅರ್ಧ ದಿನ ಇದಕ್ಕೇ ಹೋಗುವುದರಿಂದ, ಮುಂದೆ ಬೇರೆ ಫ್ಯೋರ್ಡ್ ನೋಡುವವರು ಊರಿನಲ್ಲಿಯೇ ಉಳಿಯುವುದು ಲೇಸು.

ಸಂಗೀತಗಾರ ಗ್ರೀಗ್‌ನ ಮನೆ ದೂರವೇ?

ಎಡ್ವರ್ಡ್ ಗ್ರೀಗ್ 1885ರಿಂದ ಸಾಯುವವರೆಗೆ, ಅಂದರೆ 1907ರವರೆಗೆ, ಬೇಸಿಗೆಗಳನ್ನು ಕಳೆದ ‘ಟ್ರೋಲ್ಡ್‌ಹೌಗೆನ್’ ಮನೆಗೆ ಹೂಪ್ ಎಂಬ ಟ್ರಾಮ್ ನಿಲ್ದಾಣದಿಂದ ಸುಮಾರು ಇಪ್ಪತ್ತೈದು ನಿಮಿಷ ನಡೆಯಬೇಕು. ಮಳೆಯಲ್ಲಿ ಆ ನಡಿಗೆ ಉದ್ದವೆನಿಸುತ್ತದೆ. ಆದರೂ ಮಧ್ಯಾಹ್ನದ ಸಂಗೀತ ಕಛೇರಿ ಇರುವ ದಿನವಾದರೆ ಹೋಗಬೇಕು: ಹುಲ್ಲು ಬೆಳೆದ ಚಾವಣಿಯ ಪುಟ್ಟ ಸಭಾಂಗಣದಲ್ಲಿ ಪಿಯಾನೋ ವೇದಿಕೆಯ ಹಿಂದಿನ ಗೋಡೆ ಪೂರ್ತಿ ಗಾಜಿನದು. ಗಾಜಿನಾಚೆ ಕೆಳಗೆ ಅವನು ಕೂತು ರಾಗ ಕಟ್ಟುತ್ತಿದ್ದ ಕೆಂಪು ಗುಡಿಸಲು, ಅದರಾಚೆ ಮಳೆಹನಿ ಬೀಳುತ್ತಿರುವ ಕೊಲ್ಲಿ ಕಾಣುತ್ತವೆ.

ಹಣ, ರಜೆ, ಹೊತ್ತು ಇವುಗಳ ಬಗ್ಗೆ ತಿಳಿದಿರಬೇಕಾದದ್ದೇನು?

ನಾರ್ವೆ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ವಲಯದಲ್ಲಿದ್ದರೂ ಯೂರೋಪಿಯನ್ ಒಕ್ಕೂಟದ ಸದಸ್ಯ ದೇಶವಲ್ಲ; ಇಲ್ಲಿನ ನಾಣ್ಯ ಕ್ರೋನೆ, ಯೂರೋ ಅಲ್ಲ. ಬನ್ನಿನಿಂದ ಟ್ರಾಮ್‌ವರೆಗೆ ಎಲ್ಲದಕ್ಕೂ ಕಾರ್ಡ್ ನಡೆಯುವುದರಿಂದ ನಗದು ಬೇಕಾಗುವುದು ಅಪರೂಪ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಆದ್ದರಿಂದ ಮಳೆಯಂಗಿ ಕೊಳ್ಳುವುದಿದ್ದರೆ ಶನಿವಾರವೇ ಕೊಳ್ಳಿ. ಬೇಸಿಗೆಯ ಹೊರತು ಉಳಿದ ತಿಂಗಳುಗಳಲ್ಲಿ ಸೋಮವಾರ ಕೆಲವು ಸಂಗ್ರಹಾಲಯಗಳಿಗೆ ರಜೆ. ‘ಬರ್ಗೆನ್ ಕಾರ್ಡ್’ ಎಂಬ ಪಾಸಿನಲ್ಲಿ ಬಸ್ಸು, ಟ್ರಾಮ್ ಉಚಿತ, ಅನೇಕ ಸಂಗ್ರಹಾಲಯಗಳು ಉಚಿತ ಅಥವಾ ರಿಯಾಯಿತಿ. ದಿನಕ್ಕೆ ಮೂರಾದರೂ ಒಳಾಂಗಣಗಳನ್ನು ನೋಡುವವರಿಗೆ ಮಾತ್ರ ಅದು ಲಾಭ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೇ ಸೂರ್ಯ ಮುಳುಗುತ್ತಾನೆ, ಹೊರಗೆ ನೋಡಬೇಕಾದುದನ್ನು ಊಟಕ್ಕೆ ಮೊದಲೇ ಮುಗಿಸಬೇಕು.

ಸಂಜೆ ಇದ್ದಕ್ಕಿದ್ದಂತೆ ಮಳೆ ನಿಂತರೆ?

ಮಾಡುತ್ತಿರುವುದನ್ನು ಬಿಟ್ಟು ಫ್ಲೋಯೆನ್ ರೈಲಿನತ್ತ ನಡೆಯಿರಿ. ಅದು ರಾತ್ರಿ ತಡವಾಗಿಯೂ ಓಡುತ್ತದೆ, ಜೂನ್‌ನಲ್ಲಿ ಹನ್ನೊಂದರವರೆಗೆ ಬೆಳಕೂ ಇರುತ್ತದೆ. ಸರದಿ ಉದ್ದವಿದ್ದರೆ ಮೇಲೆ ಹೋಗುವ ಟಿಕೆಟ್ ಮಾತ್ರ ಕೊಂಡು, ಇಳಿಯುವಾಗ ಸುಮಾರು ಮುಕ್ಕಾಲು ಗಂಟೆ ಕಾಡಿನ ಹಾದಿಯಲ್ಲಿ ನಡೆದು ಬನ್ನಿ. ಕೆಳಗಿನ ತಿರುವುಗಳಲ್ಲಿ ಕಾಡು ಮುಗಿದು ‘ಸ್ಮೌ’ ಎಂದು ಕರೆಯುವ ಬಿಳಿ ಮರದ ಮನೆಗಳ ಸಂದಿಗಳು ಆರಂಭವಾಗುತ್ತವೆ. ಒದ್ದೆ ಕಲ್ಲುಹಾಸು ಅಲ್ಲಿ ಬಹಳ ಜಾರುತ್ತದೆ, ಕೈಗಂಬಿ ಇರುವ ಬದಿಯಲ್ಲಿಯೇ ಇಳಿಯಿರಿ. ಮಳೆಯಂಗಿಯನ್ನು ಮಾತ್ರ ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ.